ಕಾಲಿನ ದೂರು

1831ನೆಯ ಇಸವಿಯಲ್ಲಿ ಬೂಲೆ ಎಂಬ ಫ್ರೆಂಚ್ ಪಶುವೈದ್ಯನು ಒಂದು ಕುದುರೆಯ ವೃತ್ತಾಂತವನ್ನು ಬರೆದಿಟ್ಟನು. ಅದು ಗಾಡಿಗೆ ಕಟ್ಟುವ ಕುದುರೆ. ನಿಂತಿರುವಾಗ ಅದಕ್ಕೆ ಯಾವ ಬಾಧೆಯೂ ಕಾಣುತ್ತಿರಲಿಲ್ಲ. ಗಾಡಿಗೆ ಹೂಡಿ ಓಡಿಸಿದರೆ ಸ್ವಲ್ಪ ದೂರ ಸರಿಯಾಗಿಯೇ ಓಡುತ್ತಿತ್ತು. ಅನಂತರ ಹಿಂಗಾಲು ಸೋತು ಕುಂಟತೊಡಗುತ್ತಿತ್ತು. ಕೊಂಚ ಹೊತ್ತು ನಿಲ್ಲಿಸಿದರೆ ಕುಂಟು ತಾನಾಗಿ ಮಾಯವಾಗುತ್ತಿತ್ತು. ಮತ್ತೆ ಓಡಿಸಿದರೆ ಮತ್ತೆ ಅದೇ ಕಥೆ. ಇಂಥ ಕುದುರೆಯ ಗೊರಸನ್ನೂ ಲಾಳವನ್ನೂ ಕೀಲನ್ನೂ ಎಷ್ಟು ಸಲ ತಡವಿ ನೋಡಿದರೆ ತಾನೇ ಏನು ಸಿಕ್ಕೀತು? ಅದು ಸತ್ತ ಮೇಲೆ ಕೊಯ್ದು ನೋಡಿದಾಗ ಗುಟ್ಟು ಹೊರಬಿದ್ದಿತು. ಹಿಂಗಾಲುಗಳಿಗೆ ಶುದ್ಧರಕ್ತವನ್ನು ಒಯ್ಯುವ ಅಪಧಮನಿಗಳು ತೊಡೆಯಲ್ಲಿ ಮುಚ್ಚಿಹೋಗಿದ್ದವು. ನಿಂತ ಕಾಲಿಗೆ ಬೇಕಾದಷ್ಟು ರಕ್ತ ಹೇಗೋ ಹರಿದು ಬರುತ್ತಿತ್ತು. ಓಡುವ ಕಾಲಿಗೆ ಅದು ಸಾಲುತ್ತಿರಲಿಲ್ಲ.

ಇದಾದ ಇಪ್ಪತ್ತೇಳು ವರ್ಷಗಳ ಮೇಲೆ, 1858ರಲ್ಲಿ, ಮುಂದೆ ಜಗತ್ಪ್ರಸಿದ್ಧನಾದ ಪ್ಯಾರಿಸ್ಸಿನ ವೈದ್ಯ ಶಾರ್ಕೋ ಅದೇ ಬಗೆಯ ಕುಂಟನ್ನು ಮನುಷ್ಯನಲ್ಲಿ ಗುರುತಿಸಿದನು. ಗುರುತಿಸುವಾಗ ಬೂಲೆಯ ಕುದುರೆಯನ್ನು ಸ್ಮರಿಸಿದನು. ಬಿಟ್ಟು ಬಿಟ್ಟು ಬರುವ ಈ ಕುಂಟಿಗೆ ವೈದ್ಯಶಾಸ್ತ್ರದಲ್ಲಿ ಅಂದಿನಿಂದ ಒಂದು ಸ್ಥಾನ ದೊರೆಯಿತು. ದುಡಿದಾಗ ಬರುವ, ದಣಿವಾರಿಸಿಕೊಂಡೊಡನೆ ಹೋಗುವ ನೋವು ರಕ್ತದ ಕೊರತೆಯ ಕೂಗಾಗಿರಬಹುದು ಎಂಬುದೇ ಆ ಪಾಠ. ಪಾಠ ಹಳೆಯದು. ಆದರೂ ಬೈಸಿಕಲ್ಲಿನ ಮೇಲೆ ಕುಳಿತ ಮನುಷ್ಯನಿಗೆ ಅದನ್ನು ಅನ್ವಯಿಸಲು ವೈದ್ಯಲೋಕಕ್ಕೆ ಇನ್ನೂ ನೂರಿಪ್ಪತ್ತೈದು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು.

ಬೈಸಿಕಲ್ಲು ತುಳಿಯುವವರಲ್ಲಿ ಕಾಲುನೋವನ್ನು ಅರಿಯದವರು ಯಾರು? ಪೇಟೆಗೆ ಹಾಲು ಒಯ್ಯುವವನಿಂದ ಹಿಡಿದು ಪಂದ್ಯದಲ್ಲಿ ಪದಕ ಗೆಲ್ಲುವವನವರೆಗೆ ಎಲ್ಲರೂ ಒಂದಲ್ಲ ಒಂದು ದಿನ ತೊಡೆ ಬಿಗಿದು, ಮೀನಖಂಡ ಸೆಟೆದು ಇಳಿದು ನಿಂತವರೇ. ಹೀಗೆ ನಿಂತವನಿಗೆ ಸಲಹೆಗಳ ಬರವಿಲ್ಲ. ಒಬ್ಬನು ಉಪ್ಪು ಬೆರೆಸಿದ ನಿಂಬೆಯ ಪಾನಕ ಕುಡಿಯೆನ್ನುತ್ತಾನೆ. ಇನ್ನೊಬ್ಬನು ಎಣ್ಣೆ ತಿಕ್ಕೆನ್ನುತ್ತಾನೆ. ಮತ್ತೊಬ್ಬನು ಸೀಟು ಏರಿಸೆಂದರೆ ಮಗದೊಬ್ಬನು ಇಳಿಸೆನ್ನುತ್ತಾನೆ. ಎಲ್ಲವನ್ನೂ ಮಾಡಿ ಮುಗಿಸಿದರೂ ನೋವು ಹೋಗದಿದ್ದರೆ ಕೊನೆಯ ಮಾತೊಂದು ಉಳಿದೇ ಇರುತ್ತದೆ: “ನಿನಗೆ ಮನಸ್ಸಿಲ್ಲ.” ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರೆಂಬ ಗಾದೆ ಹುಟ್ಟಿದುದು ಇಂಥ ಚಿಕಿತ್ಸೆಯನ್ನು ಕಂಡೇ ಇರಬೇಕು.

ನೋವು ಎಲ್ಲಿದೆ ಎಂದು ಎಲ್ಲರೂ ಕೇಳುತ್ತಾರೆ. ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂದು ಕೇಳುವವರು ವಿರಳ. ಕಾಲುನೋವಿನ ವಿಚಾರದಲ್ಲಿ ಈ ಎರಡನೆಯ ಪ್ರಶ್ನೆಯೇ ಹೆಚ್ಚು ಬೆಲೆಯುಳ್ಳದು. ಒಂದೇ ತೊಡೆಯ ಒಂದೇ ಜಾಗದಲ್ಲಿ ನಾಲ್ಕು ಬೇರೆ ಬೇರೆ ಕಾರಣಗಳಿಂದ ನೋವೇಳಬಹುದು. ಆದರೆ ನಾಲ್ಕರ ವೇಳಾಪಟ್ಟಿಯೂ ಒಂದೇ ಆಗಿರುವುದಿಲ್ಲ.

ಮರುದಿನದ ನೋವು

ಮೊದಲನೆಯದು ಮರುದಿನ ಬರುವ ನೋವು. ಮೈಸೂರಿನ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲುಗಳನ್ನು ಹತ್ತಿ ಇಳಿದವರಿಗೆ ಇದರ ಪರಿಚಯವುಂಟು. ಹತ್ತುವಾಗ ಏದುಸಿರು, ಇಳಿಯುವಾಗ ಹಗುರ, ಆದರೆ ಮರುದಿನ ಬೆಳಿಗ್ಗೆ ಏಳಲು ಹೋದರೆ ತೊಡೆಗಳು ಮಾತು ಕೇಳವು. ಹತ್ತಿದುದರ ದಂಡವೆಂದು ಜನ ತಿಳಿಯುತ್ತಾರೆ. ನಿಜವಾಗಿ ಅದು ಇಳಿದುದರ ದಂಡ. ಇಳಿಯುವಾಗ ತೊಡೆಯ ಸ್ನಾಯು ದೇಹದ ಭಾರವನ್ನು ತಡೆಹಿಡಿಯುತ್ತಲೇ ಉದ್ದವಾಗಬೇಕಾಗುತ್ತದೆ. ಹೀಗೆ ಬಿಗಿಹಿಡಿದಿರುವಾಗಲೇ ಎಳೆಸಿಕೊಂಡ ಸ್ನಾಯುವಿನ ಸೂಕ್ಷ್ಮ ಎಳೆಗಳು ಅಲ್ಲಲ್ಲಿ ಜಖಂಗೊಳ್ಳುತ್ತವೆ. ಅವುಗಳ ದುರಸ್ತಿಯ ಕೆಲಸ ನಡೆಯುವಾಗ, ಅಂದರೆ ಸುಮಾರು 24ರಿಂದ 72 ಗಂಟೆಗಳ ನಡುವೆ, ನೋವು ಶಿಖರಕ್ಕೇರಿ ಮತ್ತೆ ತಾನಾಗಿ ಇಳಿದುಹೋಗುತ್ತದೆ.

ಬೈಸಿಕಲ್ಲು ತುಳಿಯುವಾಗ ಸ್ನಾಯುಗಳು ಹೆಚ್ಚಾಗಿ ಕುಗ್ಗುತ್ತ ತಳ್ಳುತ್ತವೆ. ಭಾರ ಹೊತ್ತು ಹಿಗ್ಗುವ ಪ್ರಸಂಗ ಕಡಿಮೆ. ಆದುದರಿಂದ ಬೆಟ್ಟ ಇಳಿದವನಿಗೆ ಬರುವಷ್ಟು ಮರುದಿನದ ನೋವು ಸೈಕಲ್ ಸವಾರನಿಗೆ ಸಾಮಾನ್ಯವಾಗಿ ಬಾರದು. ಬಹಳ ದಿನ ಬಿಟ್ಟು ತುಳಿದಿದ್ದರೆ, ಎಂದಿಗಿಂತ ಮೂರು ಪಾಲು ದೂರ ಹೋಗಿದ್ದರೆ ಬರಬಹುದು. ಬಂದರೆ ಎರಡು ಮೂರು ದಿನ ತಾಳ್ಮೆಯಿಂದಿರುವುದೇ ಔಷಧ.

ಈ ನೋವಿಗೆ ಲ್ಯಾಕ್ಟಿಕ್ ಆಮ್ಲವೇ ಕಾರಣವೆಂಬ ಮಾತು ಆಟದ ಬಯಲುಗಳಲ್ಲಿ ಈಗಲೂ ಕೇಳಿಬರುತ್ತದೆ. ಅದಕ್ಕೂ ಒಂದು ಹಿನ್ನೆಲೆಯುಂಟು. 1907ರಲ್ಲಿ ಕೇಂಬ್ರಿಜ್ಜಿನ ಫ್ಲೆಚರ್ ಮತ್ತು ಹಾಪ್‌ಕಿನ್ಸ್ ಎಂಬ ವಿಜ್ಞಾನಿಗಳು ದಣಿದ ಕಪ್ಪೆಯ ಸ್ನಾಯುವಿನಲ್ಲಿ ಈ ಆಮ್ಲ ಶೇಖರವಾಗುವುದನ್ನು ತೋರಿಸಿದರು. ಸ್ನಾಯುವಿನ ಶಾಖವನ್ನೂ ಈ ಆಮ್ಲದ ವ್ಯವಹಾರವನ್ನೂ ಕುರಿತ ಸಂಶೋಧನೆಗಾಗಿ ಹಿಲ್ ಮತ್ತು ಮೇಯರ್‌ಹಾಫ್ ಅವರಿಗೆ 1922ನೆಯ ಸಾಲಿನ ನೊಬೆಲ್ ಬಹುಮಾನ ಸಂದಿತು. ಅಲ್ಲಿಂದ ಲ್ಯಾಕ್ಟಿಕ್ ಆಮ್ಲಕ್ಕೆ ಕಳಂಕ ಅಂಟಿಕೊಂಡಿತು. ಆದರೆ ದುಡಿಮೆ ನಿಂತ ಮೇಲೆ ಅದು ಒಂದು ಗಂಟೆಯ ಆಸುಪಾಸಿನಲ್ಲಿ ರಕ್ತದಿಂದ ಬಹುಮಟ್ಟಿಗೆ ತೊಲಗಿಹೋಗುತ್ತದೆ. ಹೃದಯವೂ ಇತರ ಸ್ನಾಯುಗಳೂ ಅದನ್ನು ಇಂಧನವಾಗಿ ಉರಿಸಿಕೊಳ್ಳುತ್ತವೆ. ಸಂಜೆಗೇ ಊರು ಬಿಟ್ಟವನ ಮೇಲೆ ಮರುದಿನದ ಕಳವನ್ನು ಹೊರಿಸುವುದು ನ್ಯಾಯವಲ್ಲ.

ಸೀಟಿನ ನೋವು, ಸೆಳೆತದ ನೋವು

ಎರಡನೆಯದು ಆಸನದ ದೋಷದಿಂದ ಬರುವ ನೋವು. ನಿಮಿಷಕ್ಕೆ 90 ಸುತ್ತಿನಂತೆ ತುಳಿಯುವವನ ಒಂದೊಂದು ಕಾಲೂ ಗಂಟೆಗೆ 5,400 ಸಲ ಮಡಿಚಿ ಬಿಚ್ಚಿಕೊಳ್ಳುತ್ತದೆ. ಸೀಟು ಅರ್ಧ ಅಂಗುಲ ತಪ್ಪಿದ್ದರೂ ಆ ತಪ್ಪು 5,400 ಸಲ ಗುಣಿಸಲ್ಪಡುತ್ತದೆ. ಸೀಟು ತಗ್ಗಾಗಿದ್ದರೆ ಮೊಣಕಾಲಿನ ಮುಂಭಾಗವೂ ತೊಡೆಯ ಮುಂಭಾಗವೂ ನೋಯುತ್ತವೆ. ಎತ್ತರವಾಗಿದ್ದರೆ ಪೆಡಲು ಎಟುಕಿಸಿಕೊಳ್ಳಲು ಸೊಂಟ ಅತ್ತಿತ್ತ ಓಲಾಡಿ, ಮೊಣಕಾಲಿನ ಹಿಂಭಾಗ ಮತ್ತು ತೊಡೆಯ ಹಿಂಭಾಗ ಬಿಗಿಯುತ್ತವೆ. ಇದನ್ನು ಸರಿಪಡಿಸಲು ದೊಡ್ಡ ವಿದ್ಯೆ ಬೇಡ. ಗೋಡೆಗೊರಗಿ ಸೀಟಿನ ಮೇಲೆ ಕುಳಿತು, ಪೆಡಲನ್ನು ತೀರ ಕೆಳಕ್ಕೆ ತಂದು ಹಿಮ್ಮಡಿಯನ್ನು ಅದರ ಮೇಲಿಟ್ಟರೆ ಕಾಲು ನೆಟ್ಟಗಾಗಬೇಕು. ತುಳಿಯುವಾಗ ಪಾದದ ಮುಂಭಾಗವನ್ನು ಇಡುವುದರಿಂದ ಮೊಣಕಾಲು ತಾನಾಗಿ 25ರಿಂದ 35 ಡಿಗ್ರಿಯಷ್ಟು ಬಾಗಿರುತ್ತದೆ. ಆಸನದ ನೋವು ನಿಧಾನವಾಗಿ ಬರುತ್ತದೆ, ಇಳಿದ ಮೇಲೂ ಕೆಲವು ಗಂಟೆ ಉಳಿಯುತ್ತದೆ, ಸೀಟು ಸರಿಯಾದರೆ ಕೆಲವು ವಾರಗಳಲ್ಲಿ ಹೋಗುತ್ತದೆ.

ಮೂರನೆಯದು ಸೆಳೆತ. ಮೀನಖಂಡವೋ ತೊಡೆಯೋ ಇದ್ದಕ್ಕಿದ್ದಂತೆ ಕಲ್ಲಾಗಿ ಗಂಟುಕಟ್ಟುತ್ತದೆ. ಕೈಯಿಂದ ಮುಟ್ಟಿದರೆ ಗಟ್ಟಿ ಉಂಡೆ ಸಿಕ್ಕುತ್ತದೆ. ಪಾದವನ್ನು ಹಿಡಿದು ಸ್ನಾಯುವನ್ನು ನೀಳವಾಗಿ ಎಳೆದರೆ ಬಿಡುತ್ತದೆ. ಬೆವರಿನಲ್ಲಿ ಉಪ್ಪು ಹೋದುದೇ ಇದಕ್ಕೆ ಕಾರಣವೆಂಬ ನಂಬಿಕೆ ಗಣಿಗಳಲ್ಲಿಯೂ ಬಾಯ್ಲರುಗಳ ಮುಂದೆಯೂ ಬೆಂದು ದುಡಿಯುತ್ತಿದ್ದ ಕಾರ್ಮಿಕರನ್ನು ನೋಡಿ ಹುಟ್ಟಿತು. ಆದರೆ ದೀರ್ಘ ಪಂದ್ಯಗಳಲ್ಲಿ ಸೆಳೆತ ಬಂದವರ ಮತ್ತು ಬಾರದವರ ರಕ್ತವನ್ನು ಹೋಲಿಸಿದಾಗ ಲವಣಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ದಣಿದ ಸ್ನಾಯುವಿಗೂ ಅದನ್ನಾಳುವ ನರಕ್ಕೂ ನಡುವಣ ಹೊಂದಾಣಿಕೆ ತಪ್ಪುವುದೇ ಮುಖ್ಯ ಕಾರಣವೆಂಬ ಅಭಿಪ್ರಾಯ ಈಗ ಬಲವಾಗಿದೆ. ಪಾನಕ ಬಾಯಾರಿಕೆಗೆ ಒಳ್ಳೆಯದು, ಕುಡಿಯಲಿ. ಆದರೆ ಅಭ್ಯಾಸಕ್ಕೆ ಮೀರಿದ ವೇಗವನ್ನು ಪಾನಕ ಸರಿದೂಗಿಸಲಾರದು.

ಕಾಲುನೋವಿನ ಬಹುಪಾಲು ಈ ಮೂರರಲ್ಲಿ ಮುಗಿಯುತ್ತದೆ. ಮುಗಿಯದೆ ಉಳಿಯುವುದು ನಾಲ್ಕನೆಯದು. ವೈದ್ಯರಿಗೆ ಸಿಕ್ಕದೆ, ತರಬೇತುದಾರರಿಗೆ ತಿಳಿಯದೆ, ಪಟುವಿನ ಮನೋಬಲವನ್ನೇ ಸಂದೇಹಕ್ಕೆ ಗುರಿಪಡಿಸಿದ ನೋವು ಅದು.

ಮೂರು ಪಟ್ಟಗಳ ಒಡತಿ

ಫ್ರಾನ್ಸಿನ ಪೋಲೀನ್ ಫೆರಾಂ-ಪ್ರೆವೊ 1992ರಲ್ಲಿ ಜನಿಸಿದವಳು. 2014ರಲ್ಲಿ ರಸ್ತೆಯ ಸೈಕಲ್ ಪಂದ್ಯದಲ್ಲಿ ವಿಶ್ವವಿಜೇತೆಯಾದಳು. 2015ರ ಆರಂಭದಲ್ಲಿ ಕೆಸರುಗದ್ದೆಗಳ ನಡುವೆ ನಡೆಯುವ ಸೈಕ್ಲೊಕ್ರಾಸ್ ಪಂದ್ಯದ ವಿಶ್ವಪಟ್ಟವನ್ನೂ, ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬೆಟ್ಟದ ಹಾದಿಯ ಪಂದ್ಯದ ವಿಶ್ವಪಟ್ಟವನ್ನೂ ಗೆದ್ದಳು. ಮೂರು ಪಟ್ಟಗಳನ್ನು ಏಕಕಾಲಕ್ಕೆ ಧರಿಸಿದವರು ಗಂಡಸರಲ್ಲಿಯೂ ಹೆಂಗಸರಲ್ಲಿಯೂ ಅದಕ್ಕೆ ಮೊದಲು ಯಾರೂ ಇರಲಿಲ್ಲ. ಆಗ ಅವಳ ವಯಸ್ಸು ಇಪ್ಪತ್ತಮೂರು.

ಮರುವರ್ಷವೇ ಚಿತ್ರ ಬದಲಾಯಿತು. 2016ರ ರಿಯೊ ಒಲಿಂಪಿಕ್ಸಿನಲ್ಲಿ ಬೆಟ್ಟದ ಪಂದ್ಯವನ್ನು ಅರ್ಧಕ್ಕೇ ಬಿಟ್ಟು ಇಳಿದಳು. ಅನಂತರದ ವರ್ಷಗಳಲ್ಲಿ ಒಮ್ಮೆ ಮೇಲೇಳುವುದು, ಮತ್ತೊಮ್ಮೆ ಕುಸಿಯುವುದು. ಇಂಥ ಸಂದರ್ಭದಲ್ಲಿ ನೋಡುವವರ ನಾಲಗೆಗೆ ಕೆಲಸ ಹೆಚ್ಚು. ಬಹುಬೇಗ ಮೇಲೇರಿದವಳು, ಕೀರ್ತಿಯ ಭಾರ ತಾಳಲಾರಳು ಎಂದು ಹೇಳಿಬಿಡುವುದು ಸುಲಭ. ಗುಟ್ಟು ತಿಳಿದುದು 2018ರ ಕೊನೆಯಲ್ಲಿ. ಅವಳ ಕಾಲಿಗೆ ರಕ್ತ ಒಯ್ಯುವ ಇಲಿಯಾಕ್ ಅಪಧಮನಿಯ ಒಳಗೋಡೆ ದಪ್ಪಗಾಗಿ ದಾರಿ ಕಿರಿದಾಗಿತ್ತು. ಎಂಡೋಫೈಬ್ರೋಸಿಸ್ ಎಂದು ಅದರ ಹೆಸರು. 2019ರ ಜನವರಿಯಲ್ಲಿ ಶಸ್ತ್ರಕ್ರಿಯೆ ನಡೆಯಿತು. ಅದೇ ವರ್ಷದ ಬೇಸಗೆಯ ಕೊನೆಗೆ ಅವಳು ಬೆಟ್ಟದ ಪಂದ್ಯದಲ್ಲಿ ಮತ್ತೆ ವಿಶ್ವವಿಜೇತೆ!

ಮನೋಬಲದ ಕೊರತೆಯೆಂದು ಕಂಡುದು ರಕ್ತದ ಕೊರತೆಯಾಗಿತ್ತು.

ತೂಬಿನಲ್ಲಿ ಸಿಕ್ಕಿದ ಕಲ್ಲು

ಹೃದಯದಿಂದ ಹೊರಟ ಮಹಾಪಧಮನಿ ಬೆನ್ನುಮೂಳೆಯ ಮುಂದೆ ಕೆಳಗಿಳಿದು, ಹೆಚ್ಚುಕಡಿಮೆ ಹೊಕ್ಕುಳಿನ ಮಟ್ಟದಲ್ಲಿ ಎರಡಾಗಿ ಕವಲೊಡೆಯುತ್ತದೆ. ಈ ಎರಡು ಕವಲುಗಳೇ ಇಲಿಯಾಕ್ ಅಪಧಮನಿಗಳು. ಒಂದೊಂದೂ ಮತ್ತೆ ಒಳಕವಲು ಹೊರಕವಲು ಎಂದು ಒಡೆದು, ಹೊರಕವಲು ತೊಡೆಸಂದಿನ ಅಡಿಯಲ್ಲಿ ನುಸುಳಿ ತೊಡೆಯನ್ನು ಸೇರುತ್ತದೆ. ಇಡೀ ಕಾಲಿನ ದುಡಿಮೆಗೆ ಇದೇ ಮುಖ್ಯ ಕಾಲುವೆ. ಕಾಲುವೆಯ ತೂಬಿನಲ್ಲಿ ಒಂದು ಕಲ್ಲು ಸಿಕ್ಕಿಕೊಂಡಿತೆನ್ನಿ. ಮಳೆಗಾಲದಲ್ಲಿ ಗದ್ದೆಗೆ ನೀರು ಬೇಡ, ಕಲ್ಲಿರುವುದೇ ತಿಳಿಯದು. ಬೇಸಗೆಯ ಬೆಳೆಗೆ ನೀರು ಹೊತ್ತಿಗೆ ಬೇಕಾದಾಗ ಕೊನೆಯ ಗದ್ದೆ ಬಿರುಕು ಬಿಡುತ್ತದೆ. ಗದ್ದೆಯ ಯಜಮಾನ ಬಿರುಕಿನ ಬಳಿ ಕುಳಿತು ಮಣ್ಣನ್ನೇ ಪರೀಕ್ಷಿಸಿದರೆ ಪ್ರಯೋಜನವೇನು?

ಕಾಲಿನ ಲೆಕ್ಕವೂ ಹೀಗೆಯೇ. ಸುಮ್ಮನೆ ಕುಳಿತ ಮನುಷ್ಯನ ಹೃದಯ ನಿಮಿಷಕ್ಕೆ ಸುಮಾರು 5 ಲೀಟರು ರಕ್ತವನ್ನು ಹೊರದೂಡುತ್ತದೆ. ಪಳಗಿದ ಪಟು ತನ್ನ ಪೂರ್ಣ ಶಕ್ತಿಯಿಂದ ದಿಣ್ಣೆ ಹತ್ತುವಾಗ ಅದು 25–30 ಲೀಟರಿಗೇರುತ್ತದೆ; ಅದರಲ್ಲಿ ಶೇಕಡಾ 80ರಷ್ಟು ದುಡಿಯುವ ಸ್ನಾಯುಗಳಿಗೇ ಮೀಸಲು. ಕುಳಿತಾಗ ಸಾಕಾಗುವ ಕಿರಿದಾರಿ ದಿಣ್ಣೆಯಲ್ಲಿ ಸಾಲದು. ತೊಡೆ ತುಂಬಿ ಊದಿದಂತೆ ಬಿಗಿಯುತ್ತದೆ, ಉರಿಯುತ್ತದೆ, ಒಮ್ಮೊಮ್ಮೆ ಪಾದ ಜೋಮು ಹಿಡಿಯುತ್ತದೆ. ಕೊನೆಗೆ ಬಲವೇ ಇಲ್ಲದಾಗುತ್ತದೆ. ವೇಗ ತಗ್ಗಿಸಿ ಕೆಲವು ನಿಮಿಷ ಕಳೆದರೆ ಏನೂ ಆಗಿರಲಿಲ್ಲವೆಂಬಂತೆ ಕಾಲು ಹಗುರಾಗುತ್ತದೆ. ಹೆಚ್ಚಾಗಿ ಒಂದೇ ಕಾಲು. ಅದರಲ್ಲಿಯೂ ಎಡಗಾಲೇ ಹೆಚ್ಚು.

ದಾರಿ ಕಿರಿದಾಗುವುದೇಕೆ? ಮುದುಕರ ರಕ್ತನಾಳಗಳಲ್ಲಿ ಕೊಬ್ಬು ಕಟ್ಟಿ ಆಗುವ ರೋಗ ಇದಲ್ಲ. ಇದು ಬರುವುದು ಇಪ್ಪತ್ತು, ಮೂವತ್ತರ ಪ್ರಾಯದ, ಮೈಯಲ್ಲಿ ಕೊಬ್ಬಿನ ಸುಳಿವೇ ಇಲ್ಲದ ಪಟುಗಳಿಗೆ. ವೃತ್ತಿಯ ಸವಾರನು ವರ್ಷಕ್ಕೆ 25–30 ಸಾವಿರ ಕಿಲೋಮೀಟರು ತುಳಿಯುತ್ತಾನೆ. ಗಾಳಿಯನ್ನು ಸೀಳಲು ಬೆನ್ನನ್ನು ಬಿಲ್ಲಿನಂತೆ ಬಾಗಿಸಿ, ಎದೆಯನ್ನು ತೊಡೆಗೆ ತಾಗಿಸುವಂತೆ ಕುಳಿತಿರುತ್ತಾನೆ. ಪ್ರತಿ ಸುತ್ತಿನಲ್ಲಿಯೂ ತೊಡೆಸಂದು ಮಡಿಚುವಾಗ ಈ ಅಪಧಮನಿಯೂ ಬಾಗುತ್ತದೆ. ಕೆಲವರಲ್ಲಿ ಅದು ಪಕ್ಕದ ದೊಡ್ಡ ಸ್ನಾಯುವಿಗೆ ಸಣ್ಣ ಕವಲುಗಳಿಂದಲೂ ಅಂಗಾಂಶದ ಪಟ್ಟಿಗಳಿಂದಲೂ ಕಟ್ಟಿಹಾಕಲ್ಪಟ್ಟಿರುವುದರಿಂದ ಸರಿದಾಡಲಾರದೆ ನುಲಿಯುತ್ತದೆ. ಲಕ್ಷಾಂತರ ಸಲ ಬಾಗಿ, ಒಳಗೆ ರಕ್ತದ ರಭಸವನ್ನೂ ತಾಳಿ, ನಾಳದ ಒಳಗೋಡೆ ತನ್ನನ್ನು ಕಾಪಾಡಿಕೊಳ್ಳಲೆಂದೇ ದಪ್ಪಗಾಗುತ್ತದೆ. ನೊಗ ಹೊತ್ತ ಎತ್ತಿನ ಹೆಗಲು ಜಡ್ಡುಗಟ್ಟುವುದಿಲ್ಲವೆ, ಹಾಗೆ. ಹೆಗಲಿಗಾದರೆ ಜಡ್ಡು ಹೊರಗೆ ಬೆಳೆಯುತ್ತದೆ; ಇಲ್ಲಿ ಒಳಗೆ ಬೆಳೆದು ದಾರಿಯನ್ನೇ ಅಡಗಿಸುತ್ತದೆ.

1980ರ ದಶಕದ ಮಧ್ಯಭಾಗದಲ್ಲಿ ಯೂರೋಪಿನ ವೈದ್ಯರು, ಮುಖ್ಯವಾಗಿ ಫ್ರಾನ್ಸಿನ ಶಸ್ತ್ರವೈದ್ಯರು, ಸೈಕಲ್ ಪಟುಗಳಲ್ಲಿ ಈ ರೋಗವನ್ನು ಮೊದಲು ವಿವರಿಸಿದರು. ಅದಕ್ಕೂ ಮುಂಚೆ ಎಷ್ಟು ಜನ ಕಾರಣ ತಿಳಿಯದೆ ಪಂದ್ಯ ಬಿಟ್ಟು ಮನೆಗೆ ಹೋದರೋ ಲೆಕ್ಕವಿಟ್ಟವರಿಲ್ಲ. 2002ರಲ್ಲಿ ಹಾಲೆಂಡಿನ ವೈದ್ಯರ ತಂಡವೊಂದು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇದರ ಪತ್ತೆ ಮತ್ತು ಚಿಕಿತ್ಸೆಗಳನ್ನು ಕುರಿತು ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಮುಖ್ಯವಾದುದು. ಅಗ್ರಶ್ರೇಣಿಯ ಸೈಕಲ್ ಪಟುಗಳಲ್ಲಿ ಐವರಿಗೊಬ್ಬರಂತೆ ಇಂಥ ರಕ್ತದ ಅಡಚಣೆ ಕಾಣಬಹುದೆಂಬ ಅಂದಾಜೂ ಉಂಟು.

ಮಲಗಿದವನಲ್ಲಿ ಸಿಕ್ಕದ ರೋಗ

ಇಷ್ಟು ಜನರಿಗೆ ಬರುವ ರೋಗ ವರ್ಷಗಟ್ಟಲೆ ಮರೆಯಾಗಿರುವುದು ಹೇಗೆ? ಉತ್ತರ ಸರಳವಾಗಿದೆ. ರೋಗಿ ವೈದ್ಯರ ಬಳಿಗೆ ಬರುವಾಗ ನಡೆದು ಬರುತ್ತಾನೆ. ಮಂಚದ ಮೇಲೆ ಮಲಗುತ್ತಾನೆ. ಮಲಗಿದವನ ಕಾಲಿನ ನಾಡಿ ಚೆನ್ನಾಗಿಯೇ ಬಡಿಯುತ್ತದೆ. ಚರ್ಮ ಬೆಚ್ಚಗಿದೆ, ಬಣ್ಣ ಸರಿಯಾಗಿದೆ, ಮೂಳೆಯ ಚಿತ್ರದಲ್ಲಿ ದೋಷವಿಲ್ಲ. ಎದುರಿಗಿರುವವನು ದಿನಕ್ಕೆ ನೂರು ಮೈಲಿ ತುಳಿಯುವ ದೃಢಕಾಯ. ಇವನ ರಕ್ತನಾಳವನ್ನು ಸಂದೇಹಿಸಬೇಕೆಂದು ಯಾರಿಗೆ ತೋಚೀತು? ಸಾಮಾನ್ಯವಾಗಿ ಮೊದಲು ಬೆನ್ನಿಗೆ, ಅನಂತರ ನರಕ್ಕೆ, ಆಮೇಲೆ ಸ್ನಾಯುವಿಗೆ ಚಿಕಿತ್ಸೆ ನಡೆಯುತ್ತದೆ.

ಆದುದರಿಂದ ಪರೀಕ್ಷೆಯನ್ನು ನೋವಿನ ಬಳಿಗೇ ಒಯ್ಯಬೇಕಾಗುತ್ತದೆ. ಪಟುವನ್ನು ಆಸ್ಪತ್ರೆಯಲ್ಲಿಯೇ ನಿಂತ ಸೈಕಲ್ಲಿನ ಮೇಲೆ ಕೂರಿಸಿ, ಶಕ್ತಿ ಉಡುಗುವವರೆಗೆ ತುಳಿಸಿ, ನಿಂತ ಮೊದಲ ನಿಮಿಷದೊಳಗೆ ತೋಳಿನ ಮತ್ತು ಎರಡೂ ಕಾಲುಗಳ ಹರಡಿನ ರಕ್ತದೊತ್ತಡವನ್ನು ಅಳೆಯುತ್ತಾರೆ. ವಿಶ್ರಾಂತಿಯಲ್ಲಿ ಕಾಲಿನ ಒತ್ತಡ ತೋಳಿನದಕ್ಕೆ ಸಮನಾಗಿ ಅಥವಾ ತುಸು ಹೆಚ್ಚಾಗಿರುತ್ತದೆ. ದುಡಿಮೆಯ ನಂತರ ಒಂದು ಕಾಲಿನ ಒತ್ತಡ ಮಾತ್ರ ತೀರ ಕುಸಿದಿದ್ದರೆ ತೂಬಿನಲ್ಲಿ ಕಲ್ಲಿದೆಯೆಂದೇ ಅರ್ಥ. ಕೆಲವು ನಿಮಿಷ ತಡವಾದರೂ ಒತ್ತಡ ಮತ್ತೆ ಏರಿ ಸಾಕ್ಷ್ಯ ಅಳಿಸಿಹೋಗುತ್ತದೆ. ಜೊತೆಗೆ ಸೊಂಟ ಬಾಗಿಸಿಟ್ಟು ಡಾಪ್ಲರ್ ಅಲ್ಟ್ರಾಸೌಂಡ್ ಪರೀಕ್ಷೆ ಮಾಡುತ್ತಾರೆ; ಬಾಗಿದಾಗ ನುಲಿಯುವ ನಾಳವನ್ನು ನೆಟ್ಟಗೆ ಮಲಗಿಸಿ ನೋಡಿದರೆ ಕಾಣದು.

ರೋಗ ಗೊತ್ತಾದ ಮೇಲೂ ಹಾದಿ ಸುಗಮವಲ್ಲ. ಪಂದ್ಯದ ಆಸೆ ಬಿಟ್ಟು ಹಿತಮಿತವಾಗಿ ತುಳಿದುಕೊಂಡಿರುವವನಿಗೆ ಹ್ಯಾಂಡಲನ್ನು ಎತ್ತರಿಸಿ, ಬಾಗುವುದನ್ನು ಕಡಿಮೆ ಮಾಡಿ, ವೇಗ ತಗ್ಗಿಸಿದರೆ ಸಾಕಾದೀತು. ಪಟುವಾಗಿಯೇ ಉಳಿಯಬೇಕೆಂದರೆ ಶಸ್ತ್ರಕ್ರಿಯೆಯ ಮಾತು. ಕಟ್ಟಿಹಾಕಿದ ನಾಳವನ್ನು ಬಿಡಿಸುವುದು ಒಂದು ಬಗೆ. ನಾಳವನ್ನು ಸೀಳಿ, ಜಡ್ಡನ್ನು ತೆಗೆದು, ರೋಗಿಯದೇ ರಕ್ತನಾಳದ ತುಂಡಿನಿಂದ ತೇಪೆ ಹಾಕಿ ಅಗಲಿಸುವುದು ಇನ್ನೊಂದು ಬಗೆ. ಹೃದ್ರೋಗಿಗಳಿಗೆ ಹಾಕುವಂತೆ ಲೋಹದ ಸ್ಟೆಂಟ್ ಹಾಕಿ ಮುಗಿಸುವುದನ್ನು ತಜ್ಞರು ಇಲ್ಲಿ ಒಪ್ಪುವುದಿಲ್ಲ. ಸದಾ ಮಡಿಚುವ ಜಾಗದಲ್ಲಿ ಲೋಹ ಉಳಿಯುವುದು ಕಷ್ಟ. ಪ್ರಾಣಾಪಾಯವಿಲ್ಲದ ರೋಗಕ್ಕೆ ದೊಡ್ಡ ರಕ್ತನಾಳವೊಂದನ್ನು ತೆರೆಯಬೇಕೆ ಎಂಬ ಪ್ರಶ್ನೆಯನ್ನು ರೋಗಿಯೂ ವೈದ್ಯರೂ ಕೂಡಿ ತೂಗಿ ನೋಡಬೇಕಾಗುತ್ತದೆ.

ಫಲವೂ ಎಲ್ಲರಿಗೆ ಒಂದೇ ಆಗಿಲ್ಲ. 2015ರಲ್ಲಿ ಸ್ಪೇನಿನ ಮಹಾಪಂದ್ಯವನ್ನು ಗೆದ್ದ ಇಟಲಿಯ ಫಾಬಿಯೊ ಅರು ಇದೇ ರೋಗಕ್ಕೆ 2019ರ ವಸಂತದಲ್ಲಿ ಶಸ್ತ್ರಕ್ರಿಯೆ ಮಾಡಿಸಿಕೊಂಡನು. ಪಂದ್ಯಗಳಿಗೆ ಮರಳಿದನಾದರೂ ಹಿಂದಿನ ಎತ್ತರ ಮತ್ತೆ ಕೈಗೆಟುಕಲಿಲ್ಲ, 2021ರಲ್ಲಿ ನಿವೃತ್ತನಾದನು. ಹಾಲೆಂಡಿನ ಮರಿಯಾನೆ ವೊಸ್ 2023ರಲ್ಲಿ ಇದೇ ಚಿಕಿತ್ಸೆಗೆ ಒಳಗಾಗಿ, 2024ರ ಪ್ಯಾರಿಸ್ ಒಲಿಂಪಿಕ್ಸಿನ ರಸ್ತೆಯ ಪಂದ್ಯದಲ್ಲಿ ಬೆಳ್ಳಿಯ ಪದಕ ಪಡೆದಳು. ಫೆರಾಂ-ಪ್ರೆವೊಗೆ 2019ರ ಋತು ಮುಗಿದ ಮೇಲೆ ಮತ್ತೊಮ್ಮೆ ಶಸ್ತ್ರಕ್ರಿಯೆ ಬೇಕಾಯಿತು. ಅದನ್ನೂ ದಾಟಿ 2024ರಲ್ಲಿ ತನ್ನ ದೇಶದ ನೆಲದಲ್ಲಿಯೇ ಬೆಟ್ಟದ ಪಂದ್ಯದ ಒಲಿಂಪಿಕ್ ಸ್ವರ್ಣವನ್ನು ಗೆದ್ದಳು. 2025ರ ಆಗಸ್ಟಿನಲ್ಲಿ ಮಹಿಳೆಯರ ಟೂರ್ ಡಿ ಫ್ರಾನ್ಸ್ ಪಂದ್ಯದ ಹಳದಿ ಅಂಗಿಯನ್ನು ಧರಿಸಿದಳು. 2018ರಲ್ಲಿ ಯಾರೂ ಕಾರಣ ಹುಡುಕದೆ ಹೋಗಿದ್ದರೆ ಈ ಗೆಲವುಗಳಲ್ಲಿ ಒಂದೂ ಇರುತ್ತಿರಲಿಲ್ಲ.

ಊರಿನ ಸವಾರನಿಗೆ

ಇದೆಲ್ಲ ಯೂರೋಪಿನ ಪಟುಗಳ ಕಥೆ. ತರಕಾರಿ ತರಲು ಸೈಕಲ್ಲೇರುವವನಿಗೆ ಇದರಿಂದೇನು ಎಂದು ಓದುಗರು ಕೇಳಬಹುದು. ಎಂಡೋಫೈಬ್ರೋಸಿಸ್ ಅವನಿಗೆ ಬರುವ ಸಂಭವ ಬಹಳ ಕಡಿಮೆ. ಆದರೆ ಕುದುರೆಗೆ ಅನ್ವಯಿಸಿದ ನಿಯಮ ಅವನಿಗೂ ಅನ್ವಯಿಸುತ್ತದೆ. ಐವತ್ತು ದಾಟಿದವನು, ಬೀಡಿ ಸಿಗರೇಟು ಸೇದುವವನು, ಸಿಹಿಮೂತ್ರದ ರೋಗವುಳ್ಳವನು ಏರು ಹತ್ತುವಾಗ ಮೀನಖಂಡ ಬಿಗಿದು, ಇಳಿದು ನಿಂತರೆ ಐದು ನಿಮಿಷದಲ್ಲಿ ಸರಿಹೋಗುತ್ತಿದ್ದರೆ ಅದನ್ನು ವಯಸ್ಸಿನ ಮೇಲೆ ಹಾಕಿ ಸುಮ್ಮನಿರಬಾರದು. ಅವನ ಕಾಲಿನ ನಾಳಗಳಲ್ಲಿ ಕೊಬ್ಬು ಕಟ್ಟಿರುವ ಸಂಭವವುಂಟು. ಕಾಲಿನಲ್ಲಿ ಕಟ್ಟಿದುದು ಹೃದಯದ, ಮಿದುಳಿನ ನಾಳಗಳಲ್ಲಿಯೂ ಕಟ್ಟಿರಬಹುದು. ಕಾಲು ಮೊದಲು ದೂರು ಕೊಟ್ಟಿತೆಂಬುದು ಅವನ ಭಾಗ್ಯ.

ಇನ್ನೊಂದು ವಿನೋದವಾದ ಸಂಗತಿಯೂ ಇದೆ. ವಯಸ್ಸಾದ ಕೆಲವರಿಗೆ ನಾಲ್ಕು ಹೆಜ್ಜೆ ನಡೆದರೆ ಕಾಲು ಸೋತುಹೋಗುತ್ತದೆ. ಆದರೆ ಸೈಕಲ್ಲನ್ನು ಮೈಲಿಗಟ್ಟಲೆ ತುಳಿಯಬಲ್ಲರು. ಇವರ ದೋಷ ರಕ್ತನಾಳದ್ದಲ್ಲ, ಬೆನ್ನಿನದು. ಬೆನ್ನುಮೂಳೆಯೊಳಗೆ ನರಗಳು ಹಾಯುವ ದಾರಿ ಕಿರಿದಾಗಿ, ನೆಟ್ಟಗೆ ನಿಂತಾಗ ನರ ಅದುಮಿಕೊಳ್ಳುತ್ತದೆ. ಹ್ಯಾಂಡಲಿನ ಮೇಲೆ ಬಾಗಿದಾಗ ದಾರಿ ಅಗಲವಾಗಿ ನೋವು ತಗ್ಗುತ್ತದೆ. ರಕ್ತದ ಕೊರತೆಯವನಿಗಾದರೋ ನಡೆದರೂ ನೋವು, ತುಳಿದರೂ ನೋವು. ಈ ಭೇದವನ್ನು ಹಿಡಿದು ಬೈಸಿಕಲ್ಲನ್ನೇ ಪರೀಕ್ಷಾ ಸಾಧನವಾಗಿ ಬಳಸುವ ಕ್ರಮವೊಂದುಂಟು. ವಾನ್ ಗೆಲ್ಡರೆನ್ ಎಂಬ ವೈದ್ಯನ ಹೆಸರಿನ ಈ ‘ಬೈಸಿಕಲ್ ಪರೀಕ್ಷೆ’ಯನ್ನು ಕುರಿತು 1977ರಲ್ಲಿ ಪ್ರಕಟವಾದ ಲೇಖನ ಅದನ್ನು ಪ್ರಚಾರಕ್ಕೆ ತಂದಿತು.

ಕೆಲವು ನೋವುಗಳು ಕಾಯಿಸುವಂಥವಲ್ಲ. ಒಂದೇ ಮೀನಖಂಡ ಊದಿ, ಬಿಸಿಯಾಗಿ, ಕುಳಿತಾಗಲೂ ನೋಯುತ್ತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು; ಅಂದೇ ವೈದ್ಯರನ್ನು ಕಾಣಬೇಕು. ವಿಪರೀತ ದುಡಿದ ಮೇಲೆ ಮೂತ್ರ ಕಪ್ಪು ಕಾಫಿಯ ಬಣ್ಣಕ್ಕೆ ತಿರುಗಿದರೆ ಜಖಂಗೊಂಡ ಸ್ನಾಯುವಿನ ಅಂಶ ಮೂತ್ರಪಿಂಡಕ್ಕೆ ಹಾನಿಮಾಡುತ್ತಿರಬಹುದು. ಅದಕ್ಕೂ ತಡ ಸಲ್ಲದು. ಕೊಲೆಸ್ಟೆರಾಲ್ ಇಳಿಸುವ ಸ್ಟಾಟಿನ್ ಮಾತ್ರೆ ಕೆಲವರಲ್ಲಿ ಎರಡು ಕಾಲುಗಳಿಗೂ ನೋವು ತರುವುದುಂಟು; ತಾವಾಗಿ ಮಾತ್ರೆ ನಿಲ್ಲಿಸದೆ ಬರೆದುಕೊಟ್ಟವರಿಗೇ ತಿಳಿಸುವುದು ಲೇಸು.

ಕರ್ನಾಟಕಕ್ಕೆ ಸೈಕಲ್ ಪಟುಗಳನ್ನು ಕೊಡುತ್ತ ಬಂದಿರುವುದು ಮುಖ್ಯವಾಗಿ ವಿಜಯಪುರ, ಬಾಗಲಕೋಟೆಗಳ ಸೀಮೆ. ಅಲ್ಲಿಯ ಹುಡುಗ ಹುಡುಗಿಯರು ಎಳೆಯ ವಯಸ್ಸಿನಲ್ಲಿಯೇ ಎದುರುಗಾಳಿಗೆ ಬೆನ್ನು ಬಾಗಿಸಿ ತುಳಿಯುವುದನ್ನು ಕಲಿಯುತ್ತಾರೆ. ಅವರಲ್ಲಿ ಬಹುಮಂದಿ ರೈತರ, ಕೂಲಿಕಾರರ ಮಕ್ಕಳು. ಸೈಕಲ್ಲು ಅವರಿಗೆ ವಿನೋದವಲ್ಲ, ಬದುಕಿನ ದಾರಿ. ಅಂಥ ಒಬ್ಬ ಹುಡುಗ ಕೊನೆಯ ಸುತ್ತಿನಲ್ಲಿ ಹಿಂದೆ ಬಿದ್ದು, ಎಡತೊಡೆ ಬಿಗಿಯುತ್ತದೆ ಸರ್, ನಿಂತರೆ ಸರಿಹೋಗುತ್ತದೆ ಎಂದರೆ, ಆ ಮಾತಿನಲ್ಲಿ ಸೋಮಾರಿತನವನ್ನು ಕಾಣುವ ತರಬೇತುದಾರನು ಒಂದು ಬಾಳನ್ನೇ ತಪ್ಪು ದಾರಿಗೆ ತಿರುಗಿಸಿಯಾನು. ಸೋಮಾರಿಯ ನೋವು ಎರಡು ಕಾಲಿಗೂ ಬರುತ್ತದೆ. ಅಭ್ಯಾಸದ ಮೊದಲಲ್ಲಿಯೇ ಬರುತ್ತದೆ. ಪ್ರತಿಸಲವೂ ಒಂದೇ ಕಾಲಿಗೆ, ಪೂರ್ಣ ವೇಗದಲ್ಲಿ ಮಾತ್ರ ಬಂದು ನಿಮಿಷಗಳಲ್ಲಿ ಹೋಗುವ ನೋವನ್ನು ಕಲ್ಪಿಸಿಕೊಂಡು ಹೇಳುವುದು ಯಾವ ಹುಡುಗನಿಂದಲೂ ಸಾಧ್ಯವಿಲ್ಲ.

ಕಾರಣ ತಿಳಿಯದ ಕಾಲುನೋವುಳ್ಳವರು ವೈದ್ಯರ ಬಳಿಗೆ ಹೋಗುವ ಮುನ್ನ ಎರಡು ವಾರ ಒಂದು ಪುಸ್ತಕದಲ್ಲಿ ಬರೆದಿಡಲಿ: ಯಾವ ಕಾಲು, ಎಷ್ಟು ನಿಮಿಷ ತುಳಿದ ಮೇಲೆ, ಏರಿನಲ್ಲಿಯೋ ಸಮನೆಲದಲ್ಲಿಯೋ, ಇಳಿದ ಮೇಲೆ ಎಷ್ಟು ಹೊತ್ತಿಗೆ ಹೋಯಿತು, ಮರುದಿನ ಇತ್ತೋ ಇಲ್ಲವೋ. ವೈದ್ಯರು “ಎಲ್ಲಿ ನೋವು?” ಎಂದು ಕೇಳಿದಾಗ ತೊಡೆಯನ್ನು ತೋರಿಸಲಿ, ತೋರಿಸಿ, ಆ ಪುಸ್ತಕವನ್ನೂ ಮೇಜಿನ ಮೇಲೆ ಇಡಲಿ.